ಬೇರೆ ರೀಜನ್‌ನ ಡಿವಿಡಿಯನ್ನು ಗೇಮ್ ಕನ್ಸೋಲ್‌ನಲ್ಲಿ ನೋಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮೊದಲ ಸಲ ಹೊರದೇಶದಿಂದ ಡಿವಿಡಿ ತರಿಸಿದಾಗ ಅದು ನನ್ನ ಪ್ಲೇಸ್ಟೇಷನ್ 2ರಲ್ಲಿ ಓಡಲಿಲ್ಲ. ಡಿಸ್ಕ್ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸಿದೆ. ವಾರಗಟ್ಟಲೆ ಕಾದ ಮೇಲೆ ಬದಲಿ ಡಿಸ್ಕ್ ಬಂತು. ಅದೂ ಓಡಲಿಲ್ಲ. ಆಗ ಕವರನ್ನು ತಿರುಗಿಸಿ ನೋಡಿದೆ. ಹಿಂಬದಿಯ ಮೂಲೆಯಲ್ಲಿ ಪುಟ್ಟದೊಂದು ಗ್ಲೋಬ್ ಚಿತ್ರ, ಅದರೊಳಗೆ 1 ಅನ್ನುವ ಅಂಕಿ. ಎರಡು ಡಿಸ್ಕ್‌ಗಳೂ ಚೆನ್ನಾಗಿಯೇ ಇದ್ದವು. ನನ್ನ ಕನ್ಸೋಲ್ ಮಾತ್ರ ಬೇರೆ ರೀಜನ್‌ಗೆ ಸೇರಿದ್ದು.

ಇಂಥ ತೊಂದರೆ ಬಂದ ಕೂಡಲೇ ತುಂಬಾ ಜನ ಕನ್ಸೋಲ್ ಬಿಚ್ಚಿಸಿ, ಬೀಗ ಬಿಡಿಸುವ ಚಿಪ್ (ಮಾಡ್ ಚಿಪ್) ಹಾಕಿಸಲು ಹೊರಡುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಡಿಸ್ಕ್ ನಿಂತಿರುವುದು ಯಾವ ಕಾರಣಕ್ಕೆ ಅಂತ ಮೊದಲು ಗೊತ್ತಾಗಬೇಕು. ಅದು ಗೊತ್ತಾದರೆ ಎಷ್ಟೋ ಸಲ ಸ್ಕ್ರೂಡ್ರೈವರ್ ಮುಟ್ಟದೆಯೇ ಕೆಲಸ ಮುಗಿಯುತ್ತದೆ.

ಬೀಗ ಒಂದಲ್ಲ, ಎರಡು

ಮೊದಲನೆಯದು ರೀಜನ್ ಕೋಡ್. ಒಂದೇ ಸಿನಿಮಾ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಸಮಯಕ್ಕೆ ತೆರೆ ಕಾಣುತ್ತದೆ. ಒಂದು ಕಡೆ ಡಿವಿಡಿ ಅಂಗಡಿಗೆ ಬರುವ ಹೊತ್ತಿಗೆ ಇನ್ನೊಂದು ಕಡೆ ಚಿತ್ರಮಂದಿರದಲ್ಲೇ ಬಿಡುಗಡೆ ಆಗಿರುವುದಿಲ್ಲ. ಡಿಸ್ಕ್ ಅಲ್ಲಿಂದ ಇಲ್ಲಿಗೆ ಹರಿದು ಬರಬಾರದು, ಬೆಲೆಯನ್ನೂ ಊರಿಗೊಂದರಂತೆ ಇಡಬೇಕು ಅಂತ ಸ್ಟುಡಿಯೋಗಳು ಜಗತ್ತನ್ನು ಹೀಗೆ ಭಾಗ ಮಾಡಿಸಿದವು.

1: ಅಮೆರಿಕ, ಕೆನಡಾ.
2: ಪಶ್ಚಿಮ ಮತ್ತು ಮಧ್ಯ ಯುರೋಪ್, ಜಪಾನ್, ಮಧ್ಯಪ್ರಾಚ್ಯ, ಈಜಿಪ್ಟ್, ದಕ್ಷಿಣ ಆಫ್ರಿಕಾ.
3: ಆಗ್ನೇಯ ಏಷ್ಯಾ, ದಕ್ಷಿಣ ಕೊರಿಯಾ, ತೈವಾನ್, ಹಾಂಗ್‌ಕಾಂಗ್.
4: ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಮೆಕ್ಸಿಕೊ, ದಕ್ಷಿಣ ಅಮೆರಿಕ.
5: ಭಾರತ, ರಷ್ಯಾ, ಆಫ್ರಿಕಾದ ಹೆಚ್ಚಿನ ಭಾಗ.
6: ಚೀನಾ.
7: ಮುಂದಕ್ಕೆ ಬೇಕಾದೀತು ಅಂತ ಎತ್ತಿಟ್ಟದ್ದು.
8: ವಿಮಾನ, ಹಡಗುಗಳಿಗೆ.

ಡಿಸ್ಕ್ ಒಳಗೆ ವಿಡಿಯೊ_ಟಿಎಸ್ ಅನ್ನುವ ಫೋಲ್ಡರ್ ಇರುತ್ತದೆ. ಅಲ್ಲಿರುವ ಮುಖ್ಯ ಮಾಹಿತಿ ಫೈಲ್‌ನಲ್ಲಿ ಒಂದೇ ಒಂದು ಬೈಟ್ ಈ ಕೆಲಸಕ್ಕೆ ಮೀಸಲು. ಬೈಟ್‌ನಲ್ಲಿ 8 ಬಿಟ್, ರೀಜನ್‌ಗಳೂ 8. ಯಾವ ರೀಜನ್‌ಗೆ ಅನುಮತಿ ಇದೆ, ಯಾವುದಕ್ಕಿಲ್ಲ ಅನ್ನುವುದು ಅಷ್ಟರಲ್ಲೇ ಬರೆದಿರುತ್ತದೆ. ಕನ್ಸೋಲ್ ತನ್ನ ಅಂಕಿಯನ್ನು ಅದರ ಜೊತೆ ಹೋಲಿಸುತ್ತದೆ, ಹೊಂದದಿದ್ದರೆ ನಿಂತುಬಿಡುತ್ತದೆ. ಜನ 'ರೀಜನ್ 0' ಅಂತಾರಲ್ವಾ, ಹಾಗೊಂದು ರೀಜನ್ ಇಲ್ಲ. ಎಲ್ಲ ರೀಜನ್‌ಗೂ ಅನುಮತಿ ಇರುವ ಡಿಸ್ಕ್‌ಗೆ ರೂಢಿಯಲ್ಲಿ ಬಂದ ಹೆಸರು ಅದು.

ಎರಡನೆಯ ಬೀಗ ಟಿವಿ ಪದ್ಧತಿ. ಅದರಲ್ಲಿ ಎನ್‌ಟಿಎಸ್‌ಸಿ, ಪಾಲ್ ಅಂತ ಎರಡು ಬಗೆ. ಎನ್‌ಟಿಎಸ್‌ಸಿ ಡಿಸ್ಕ್‌ನಲ್ಲಿ ಚಿತ್ರ 720×480, ಸೆಕೆಂಡಿಗೆ 29.97 ಫ್ರೇಮ್. ಪಾಲ್ ಡಿಸ್ಕ್‌ನಲ್ಲಿ 720×576, ಸೆಕೆಂಡಿಗೆ 25 ಫ್ರೇಮ್. ರೀಜನ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಜಪಾನ್ ಮತ್ತು ಯುರೋಪ್ ಎರಡೂ ರೀಜನ್ 2. ಆದರೆ ಜಪಾನ್ ಡಿಸ್ಕ್ ಎನ್‌ಟಿಎಸ್‌ಸಿ, ಯುರೋಪಿನದು ಪಾಲ್. ಆಸ್ಟ್ರೇಲಿಯಾ, ಮೆಕ್ಸಿಕೊ ಕಥೆಯೂ ಇದೇ: ಎರಡೂ ರೀಜನ್ 4, ಟಿವಿ ಪದ್ಧತಿ ಬೇರೆ. ಹಾಗಾಗಿ ಅಂಕಿ ಸರಿಯಿದ್ದರೂ ಚಿತ್ರ ಬರದೇ ಇರಬಹುದು. ಎಲ್ಲ ರೀಜನ್‌ಗೂ ಮುಕ್ತವಾದ ಡಿಸ್ಕ್ ಕೂಡ ಈ ಎರಡನೇ ಬೀಗಕ್ಕೆ ಸಿಕ್ಕಿಕೊಳ್ಳಬಹುದು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಹೆಜ್ಜೆ 1: ಡಿಸ್ಕ್ ಕವರ್ ಓದಿ

ಕವರಿನ ಹಿಂಬದಿಯಲ್ಲಿ ಗ್ಲೋಬ್ ಚಿತ್ರ ಹುಡುಕಿ. ಕೆಲವು ಡಿಸ್ಕ್‌ಗಳಲ್ಲಿ ಎರಡು ಮೂರು ಅಂಕಿ ಇರುತ್ತವೆ. ಹಾಗಿದ್ದರೆ ಅವಿಷ್ಟೂ ರೀಜನ್‌ಗಳಲ್ಲಿ ಅದು ಓಡುತ್ತದೆ. 'ಆಲ್' ಅಂತ ಇದ್ದರೆ ರೀಜನ್ ಚಿಂತೆ ಬಿಡಿ. ಅಲ್ಲೇ ಹತ್ತಿರದಲ್ಲಿ ಪಾಲ್ ಅಥವಾ ಎನ್‌ಟಿಎಸ್‌ಸಿ ಅಂತಲೂ ಬರೆದಿರುತ್ತದೆ. ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಕವರ್ ಇಲ್ಲದ ಹಳೆ ಡಿಸ್ಕ್ ಆದರೆ ಡಿಸ್ಕ್ ಮೇಲಿನ ಅಚ್ಚು ನೋಡಿ. ಅದು ಮೊದಲು ಮಾರಾಟವಾದ ದೇಶ ಯಾವುದು ಅಂತ ಗೊತ್ತಿದ್ದರೂ ಸಾಕು.

ಹೆಜ್ಜೆ 2: ನಿಮ್ಮ ಕನ್ಸೋಲ್ ಯಾವ ರೀಜನ್?

ಈಗ ನೀವಿರುವ ಜಾಗ ಇಲ್ಲಿ ಲೆಕ್ಕಕ್ಕಿಲ್ಲ. ಕನ್ಸೋಲ್ ಯಾವ ಮಾರುಕಟ್ಟೆಗೆ ತಯಾರಾಯಿತೋ ಅದರ ರೀಜನ್ ಅದಕ್ಕೆ ಅಂಟಿಕೊಂಡಿರುತ್ತದೆ. ಮನೆ ಬದಲಾಯಿಸಿದರೂ, ಭಾಷೆ ಬದಲಾಯಿಸಿದರೂ, ಅಕೌಂಟ್‌ನಲ್ಲಿ ಬೇರೆ ದೇಶ ಆರಿಸಿದರೂ ಡಿವಿಡಿ ರೀಜನ್ ಬದಲಾಗುವುದಿಲ್ಲ.

ಪ್ಲೇಸ್ಟೇಷನ್ 2ರಲ್ಲಿ ಪತ್ತೆ ಹಚ್ಚುವುದು ಸುಲಭ. ಅಂಟಿಸಿರುವ ಲೇಬಲ್‌ನಲ್ಲಿ ಎಸ್‌ಸಿಪಿಎಚ್ ಅಂತ ಶುರುವಾಗುವ ಮಾಡೆಲ್ ನಂಬರ್ ಇದೆ. ಅದರ ಕೊನೆಯ ಅಂಕಿ ಮಾರುಕಟ್ಟೆಯನ್ನು ಹೇಳುತ್ತದೆ. 0 ಇದ್ದರೆ ಜಪಾನ್, 1 ಇದ್ದರೆ ಉತ್ತರ ಅಮೆರಿಕ, 2 ಆಸ್ಟ್ರೇಲಿಯಾ, 3 ಬ್ರಿಟನ್, 4 ಯುರೋಪ್. ಅಂದರೆ ಎಸ್‌ಸಿಪಿಎಚ್-50001 ರೀಜನ್ 1ರದ್ದು, ಎಸ್‌ಸಿಪಿಎಚ್-50004 ರೀಜನ್ 2ರದ್ದು. ಲೇಬಲ್ ಹರಿದುಹೋಗಿದ್ದರೆ ಡಿಸ್ಕ್ ಹಾಕದೆ ಆನ್ ಮಾಡಿ. ಮುಖ್ಯ ಮೆನುವಿನಲ್ಲಿ ತ್ರಿಕೋನದ ಬಟನ್ ಒತ್ತಿದರೆ ವರ್ಷನ್ ಮಾಹಿತಿ ಬರುತ್ತದೆ. ಅಲ್ಲಿ ಡಿವಿಡಿ ಪ್ಲೇಯರ್ ಸಾಲಿನ ಕೊನೆಯ ಅಕ್ಷರ ನೋಡಿ: ಜೆ ಜಪಾನ್, ಯು ಅಮೆರಿಕ, ಇ ಯುರೋಪ್.

ಪ್ಲೇಸ್ಟೇಷನ್ 3, 4, 5 ಮತ್ತು ಎಕ್ಸ್‌ಬಾಕ್ಸ್ ಸಾಲಿನವು ಎಲ್ಲಿಯವು ಅಂತ ಗೊತ್ತಿಲ್ಲದಿದ್ದರೆ ಪೆಟ್ಟಿಗೆ, ಹಿಂಬದಿಯ ಲೇಬಲ್, ಮಾಡೆಲ್ ನಂಬರ್ ನೋಡಿ. ಇನ್ನೂ ಅನುಮಾನ ಇದ್ದರೆ ನೀವು ಊಹಿಸಿದ ದೇಶದ್ದೇ ಅಂತ ಖಚಿತವಾಗಿ ಗೊತ್ತಿರುವ ಸಿನಿಮಾ ಡಿಸ್ಕ್ ಹಾಕಿ ನೋಡಿ. ಓಡಿದರೆ ಉತ್ತರ ಸಿಕ್ಕಿತು.

ಒಂದು ಮಾತು ಇಲ್ಲೇ ಹೇಳಬೇಕು. ಪ್ಲೇಸ್ಟೇಷನ್ 3ರ ಗೇಮ್‌ಗಳಿಗೆ ಸಾಮಾನ್ಯವಾಗಿ ರೀಜನ್ ಬೀಗ ಇಲ್ಲ, ಯಾವ ದೇಶದ ಗೇಮ್ ಆದರೂ ಓಡುತ್ತದೆ. 'ಗೇಮ್ ಓಡುತ್ತೆ, ಸಿನಿಮಾನೂ ಓಡುತ್ತೆ' ಅಂತ ಅದನ್ನು ನೋಡಿ ನಂಬಿ ಡಿವಿಡಿ ತರಿಸಿದವರು ತುಂಬಾ ಜನ. ಸಿನಿಮಾ ಡಿವಿಡಿಗೆ ಅದರಲ್ಲೂ ಬೀಗ ಇದ್ದೇ ಇದೆ. ಬ್ಲೂ-ರೇ ಸಿನಿಮಾಗಳಿಗೆ ಎ, ಬಿ, ಸಿ ಅಂತ ಮೂರು ವಲಯಗಳ ಬೇರೆಯದೇ ಬೀಗ. 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಡಿಸ್ಕ್‌ಗೆ ಮಾತ್ರ ರೀಜನ್ ಕಾಟ ಇಲ್ಲ.

ಹೆಜ್ಜೆ 3: ತೊಂದರೆ ನಿಜವಾಗಿ ರೀಜನ್‌ನದೇನಾ?

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ರೀಜನ್ ತಪ್ಪಿದ್ದರೆ ಸಾಮಾನ್ಯವಾಗಿ ಕನ್ಸೋಲ್ ಡಿಸ್ಕ್ ಅನ್ನು ಗುರುತಿಸುತ್ತದೆ, ಆಮೇಲೆ ರೀಜನ್ ಹೊಂದುವುದಿಲ್ಲ ಅಂತ ಸಂದೇಶ ತೋರಿಸುತ್ತದೆ. ಟಿವಿ ಪದ್ಧತಿ ಹೊಂದದಿದ್ದರೆ ಆ ವಿಷಯದ ಸಂದೇಶ ಬರುತ್ತದೆ. ಇಲ್ಲವೇ ಚಿತ್ರ ಕಪ್ಪು ಬಿಳುಪಾಗುತ್ತದೆ, ಮೇಲಿಂದ ಕೆಳಗೆ ಉರುಳುತ್ತದೆ. ಸಂದೇಶವೇ ಇಲ್ಲದೆ ಡ್ರೈವ್ ಸುಮ್ನೆ ಗರಗರ ತಿರುಗುತ್ತಾ ಇದ್ದರೆ, ಅಥವಾ ಡಿಸ್ಕ್ ಹಾಕಿದ್ದೇ ಗೊತ್ತಾಗದಿದ್ದರೆ ಅದು ರೀಜನ್ ಅಲ್ಲ. ಗೀರು, ಕೊಳೆ, ಇಲ್ಲವೇ ಸೋತ ಲೇಸರ್.

ಹಳೆ ಪ್ಲೇಸ್ಟೇಷನ್ 2ರಲ್ಲಿ ಲೇಸರ್ ಸೋಲುವುದು ಜಾಸ್ತಿ. ಅದಕ್ಕೊಂದು ಗುರುತಿದೆ. ಸಿನಿಮಾ ಡಿವಿಡಿಗಳು ಹೆಚ್ಚಾಗಿ ಎರಡು ಪದರದವು, 8.5 ಜಿಬಿ ಹಿಡಿಸುವಂಥವು. ಗೇಮ್‌ಗಳು ಹೆಚ್ಚಾಗಿ ಒಂದು ಪದರದ 4.7 ಜಿಬಿ ಡಿಸ್ಕ್‌ಗಳು. ಲೇಸರ್ ಬಲ ಕುಗ್ಗಿದಾಗ ಗೇಮ್ ಓಡುತ್ತದೆ, ಸಿನಿಮಾ ನಿಲ್ಲುತ್ತದೆ. ಅಥವಾ ಸಿನಿಮಾ ಶುರುವಾಗಿ ಪದರ ಬದಲಾಗುವ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಿಮ್ಮದೇ ರೀಜನ್‌ನ ಇನ್ನೆರಡು ಸಿನಿಮಾ ಹಾಕಿ ನೋಡಿ. ಅವೂ ನಿಂತರೆ ರೀಜನ್ ಬಿಡಿಸಿ ಏನೂ ಪ್ರಯೋಜನ ಇಲ್ಲ.

ಇನ್ನು ಕೆಲವು ಕಾರಣಗಳು ರೀಜನ್ ವೇಷದಲ್ಲಿ ಬರುತ್ತವೆ.

ಮೊದಲ ಎಕ್ಸ್‌ಬಾಕ್ಸ್‌ನಲ್ಲಿ (2001) ಡ್ರೈವ್ ಡಿವಿಡಿಯದೇ. ಆದರೂ ಡಿವಿಡಿ ಮೂವಿ ಪ್ಲೇಬ್ಯಾಕ್ ಕಿಟ್ ಇಲ್ಲದೆ ಸಿನಿಮಾ ಓಡುವುದಿಲ್ಲ. ಅದರ ಜೊತೆ ಬರುವ ರಿಮೋಟ್ ರಿಸೀವರ್ ಒಳಗೇ ಸಿನಿಮಾ ನಡೆಸುವ ಸಾಫ್ಟ್‌ವೇರ್ ಇದೆ. ಅದನ್ನು ಕಂಟ್ರೋಲರ್ ಪೋರ್ಟ್‌ಗೆ ಚುಚ್ಚಬೇಕು.

2000ದ ಮಾರ್ಚ್‌ನಲ್ಲಿ ಜಪಾನ್‌ನಲ್ಲಿ ಬಂದ ಮೊದಲ ಪ್ಲೇಸ್ಟೇಷನ್ 2, ಅಂದರೆ ಎಸ್‌ಸಿಪಿಎಚ್-10000, ಡಿವಿಡಿ ಸಾಫ್ಟ್‌ವೇರನ್ನು ಮೆಮೊರಿ ಕಾರ್ಡ್‌ನಲ್ಲಿ ಇಟ್ಟುಕೊಂಡಿತ್ತು. ಆ ಕಾರ್ಡ್ ಕಳೆದುಹೋದರೆ ಸಿನಿಮಾನೂ ಹೋಯಿತು. ಕನ್ಸೋಲ್ ಜೊತೆ ಬಂದ ಯುಟಿಲಿಟಿ ಡಿಸ್ಕ್‌ನಿಂದ ಮತ್ತೆ ಹಾಕಬೇಕು.

ಪ್ಲೇಸ್ಟೇಷನ್ 4ರಲ್ಲಿ ಡಿವಿಡಿ, ಬ್ಲೂ-ರೇ ನೋಡುವ ಮುಂಚೆ ಒಂದು ಸಲ ಇಂಟರ್ನೆಟ್‌ಗೆ ಸೇರಿಸಿ ಆ ಸೌಲಭ್ಯವನ್ನು ಚಾಲೂ ಮಾಡಬೇಕು. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಬ್ಲೂ-ರೇ ಪ್ಲೇಯರ್ ಅನ್ನುವ ಉಚಿತ ಆ್ಯಪ್ ಹಾಕಿಕೊಳ್ಳಬೇಕು, ಡಿವಿಡಿಗೂ ಅದೇ. ನಿಂಟೆಂಡೊ ವೀ, ವೀ ಯು ಸಿನಿಮಾ ಡಿವಿಡಿಯನ್ನು ಓಡಿಸುವುದೇ ಇಲ್ಲ, ಯಾವ ರೀಜನ್‌ನದಾದರೂ ಅಷ್ಟೇ. ಗೇಮ್‌ಕ್ಯೂಬ್‌ಗೆ ದೊಡ್ಡ ಡಿಸ್ಕ್ ಹಿಡಿಸುವುದೂ ಇಲ್ಲ. ಅದಕ್ಕೆ ಡಿವಿಡಿ ಸೇರಿಸಿ ಪ್ಯಾನಾಸಾನಿಕ್ ಮಾಡಿದ 'ಕ್ಯೂ' ಮಾತ್ರ ಬೇರೆ, ಅದು ಜಪಾನ್‌ನಲ್ಲಷ್ಟೇ ಮಾರಾಟವಾಯಿತು.

ಪೇರೆಂಟಲ್ ಕಂಟ್ರೋಲ್ ಸೆಟ್ಟಿಂಗ್ ಕೂಡ ಒಮ್ಮೆ ನೋಡಿಬಿಡಿ. ಮಕ್ಕಳಿಗಾಗಿ ಹಾಕಿದ ಮಿತಿ ಸಿನಿಮಾವನ್ನು ತಡೆದಿರಬಹುದು.

ಕಾನೂನಿನ ಮಾತು

ಡಿಸ್ಕ್ ನಾನು ದುಡ್ಡು ಕೊಟ್ಟು ಕೊಂಡದ್ದು, ಅಸಲಿ. ಅದನ್ನು ನೋಡುವ ಹಕ್ಕು ನನಗಿರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಎಲ್ಲ ದೇಶಗಳ ಕಾನೂನೂ ಹಾಗೆ ಹೇಳುವುದಿಲ್ಲ. ಅಮೆರಿಕದ 1998ರ ಡಿಜಿಟಲ್ ಕಾಪಿರೈಟ್ ಕಾನೂನು ಡಿಸ್ಕ್‌ನ ರಕ್ಷಣೆಯನ್ನು ಮುರಿಯುವುದನ್ನೇ ತಡೆಯುತ್ತದೆ. ಆಸ್ಟ್ರೇಲಿಯಾದಲ್ಲಿ 2005ರಲ್ಲಿ ಪ್ಲೇಸ್ಟೇಷನ್ ಮಾಡ್ ಚಿಪ್ ಮಾರಿದವರೊಬ್ಬರ ಮೇಲೆ ಸೋನಿ ಹೂಡಿದ್ದ ಕೇಸು ಹೈಕೋರ್ಟ್‌ವರೆಗೂ ಹೋಗಿ, ಸೋನಿ ಸೋತಿತು. ಅಲ್ಲಿಯ 2006ರ ತಿದ್ದುಪಡಿ ಸಿನಿಮಾ ಮತ್ತು ಗೇಮ್‌ಗಳ ರೀಜನ್ ಬೀಗವನ್ನು ಕಾನೂನಿನ ರಕ್ಷಣೆಯಿಂದ ಹೊರಗಿಟ್ಟಿತು. ಮುಂದಿನ ದಾರಿಗಳಲ್ಲಿ ಯಾವುದನ್ನು ಹಿಡಿಯುವ ಮುಂಚೆಯೂ ನೀವಿರುವ ದೇಶದ ನಿಯಮ ನೋಡಿಕೊಳ್ಳಿ. ಬೇರೆ ರೀಜನ್‌ನ ಯಂತ್ರ ಇಟ್ಟುಕೊಂಡು ನೋಡುವುದಕ್ಕೂ ರಕ್ಷಣೆ ಮುರಿದು ಕಾಪಿ ಮಾಡುವುದಕ್ಕೂ ಕಾನೂನಿನ ಕಣ್ಣಲ್ಲಿ ತುಂಬಾ ವ್ಯತ್ಯಾಸ ಇದೆ.

ಹೆಜ್ಜೆ 4: ಬಿಚ್ಚದೆ ಬಗೆಹರಿಯುವ ದಾರಿಗಳು

ಎಲ್ಲಕ್ಕಿಂತ ಸುಲಭದ್ದು ಕನ್ಸೋಲ್ ಅನ್ನು ಹಾಗೇ ಬಿಟ್ಟು, ಅದೇ ಟಿವಿಗೆ ಮಲ್ಟಿ ರೀಜನ್ ಡಿವಿಡಿ ಪ್ಲೇಯರ್ ಒಂದನ್ನು ಸೇರಿಸುವುದು. ಕನ್ಸೋಲ್‌ನಲ್ಲೇ ನೋಡಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ವಾರಕ್ಕೆ ಎರಡು ಮೂರು ಹೊರದೇಶದ ಡಿಸ್ಕ್ ನೋಡುವವರಿಗೆ ನಾನು ಇದನ್ನೇ ಮೊದಲು ಹೇಳುವುದು. ಎಷ್ಟೋ ಪ್ಲೇಯರ್‌ಗಳು ರಿಮೋಟ್‌ನಲ್ಲಿ ಒಂದಿಷ್ಟು ಅಂಕಿ ಒತ್ತಿದರೆ ಎಲ್ಲ ರೀಜನ್‌ಗೂ ತೆರೆದುಕೊಳ್ಳುತ್ತವೆ. ಪಾಲ್‌ನಿಂದ ಎನ್‌ಟಿಎಸ್‌ಸಿಗೆ ತಾವೇ ಬದಲಾಯಿಸಿ ಕೊಡುವ ಪ್ಲೇಯರ್ ಆದರೆ ಎರಡೂ ಬೀಗ ಒಟ್ಟಿಗೇ ಬಿಚ್ಚುತ್ತವೆ. ಕೊಳ್ಳುವಾಗ ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಎರಡನೆಯದು ಕಂಪ್ಯೂಟರ್. ಅದರ ಡಿವಿಡಿ ಡ್ರೈವ್‌ನಲ್ಲೂ ರೀಜನ್ ಇದೆ, ಆದರೆ ಅದನ್ನು ಬದಲಾಯಿಸಲು ಬರುತ್ತದೆ. ಒಟ್ಟು 5 ಸಲ ಮಾತ್ರ. ಐದನೆಯ ಸಲ ಯಾವ ರೀಜನ್ ಆರಿಸುತ್ತೀರೋ ಅದು ಅಲ್ಲಿಗೇ ಖಾಯಂ. ಲೆಕ್ಕ ಇರುವುದು ಡ್ರೈವ್‌ನೊಳಗೆ, ಹಾಗಾಗಿ ವಿಂಡೋಸ್ ಅಳಿಸಿ ಮತ್ತೆ ಹಾಕಿದರೂ ಅದು ಮೊದಲಿನಿಂದ ಶುರುವಾಗುವುದಿಲ್ಲ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಡಿವಿಡಿ ಡ್ರೈವ್‌ನ ಪ್ರಾಪರ್ಟೀಸ್‌ಗೆ ಹೋಗಿ, ಡಿವಿಡಿ ರೀಜನ್ ಟ್ಯಾಬ್ ನೋಡಿದರೆ ಇನ್ನೆಷ್ಟು ಸಲ ಉಳಿದಿದೆ ಅಂತ ಕಾಣುತ್ತದೆ.

ನಾನು ಮಾಡಿಕೊಂಡಿರುವ ವ್ಯವಸ್ಥೆ ಇದು. ಯುಎಸ್‌ಬಿಗೆ ಚುಚ್ಚುವ ಹೊರಗಿನ ಡಿವಿಡಿ ಡ್ರೈವ್ ಒಂದನ್ನು ಕೊಂಡು ಅದನ್ನು ರೀಜನ್ 1ಕ್ಕೆ ಇಟ್ಟುಬಿಟ್ಟೆ. ಕಂಪ್ಯೂಟರ್‌ನ ಸ್ವಂತ ಡ್ರೈವ್ ತನ್ನ ರೀಜನ್‌ನಲ್ಲೇ ಇದೆ. ಹಿಂದೆ ಮುಂದೆ ಬದಲಾಯಿಸುವ ಗೋಜೇ ಇಲ್ಲ. ಕಂಪ್ಯೂಟರ್‌ನಿಂದ ಎಚ್‌ಡಿಎಂಐ ಕೇಬಲ್ ಟಿವಿಗೆ. ಹೊರಗಿನ ಈ ಡ್ರೈವ್ ಅನ್ನು ನೇರವಾಗಿ ಕನ್ಸೋಲ್‌ಗೆ ಚುಚ್ಚಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗುವುದಿಲ್ಲ, ಪ್ಲೇಸ್ಟೇಷನ್ 4 ಆಗಲಿ ಎಕ್ಸ್‌ಬಾಕ್ಸ್ ಒನ್ ಆಗಲಿ ಅದನ್ನು ಸಿನಿಮಾ ಡ್ರೈವ್ ಅಂತ ಒಪ್ಪಿಕೊಳ್ಳುವುದಿಲ್ಲ.

ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಪ್ಲೇಯರ್ ಬಳಸಿ. ಅದು ಡ್ರೈವ್‌ನ ರೀಜನ್ ಅನ್ನು ಕೇಳದೆಯೇ ಎಷ್ಟೋ ಡಿಸ್ಕ್‌ಗಳನ್ನು ಓಡಿಸುತ್ತದೆ. ಎಲ್ಲ ಡ್ರೈವ್‌ಗಳಲ್ಲೂ ಇದು ನಡೆಯುವುದಿಲ್ಲ, ರೀಜನ್ ಹೊಂದದಿದ್ದರೆ ಕೆಲವು ಡ್ರೈವ್‌ಗಳು ಡೇಟಾವನ್ನೇ ಕೊಡುವುದಿಲ್ಲ. ಹಾಗಾದಾಗ ಮೇಲೆ ಹೇಳಿದಂತೆ ಡ್ರೈವ್ ರೀಜನ್ ಬದಲಾಯಿಸಬೇಕು. ಮೆನುವಿನಲ್ಲಿ ಸಿಕ್ಕಿಹಾಕಿಕೊಂಡರೆ ಡಿಸ್ಕ್ ತೆರೆಯುವ ಕಿಟಕಿಯಲ್ಲಿ ಮೆನು ಬೇಡ ಅನ್ನುವ ಚೌಕಕ್ಕೆ ಟಿಕ್ ಹಾಕಿ.

ಹೆಜ್ಜೆ 5: ಫೈಲ್ ಮಾಡಿಕೊಂಡು ಕನ್ಸೋಲ್‌ನಲ್ಲೇ ನೋಡುವುದು

ಪ್ಲೇಸ್ಟೇಷನ್ 3, 4 ಮತ್ತು ಎಕ್ಸ್‌ಬಾಕ್ಸ್ ಒನ್‌ನಂಥ ಕನ್ಸೋಲ್‌ಗಳಿಗೆ ನನಗೆ ಇಷ್ಟವಾದ ದಾರಿ ಇದು. ಡಿಸ್ಕ್‌ನಲ್ಲಿರುವ ಸಿನಿಮಾ ಒಂದು ಸಾಮಾನ್ಯ ವಿಡಿಯೊ ಫೈಲ್ ಆದಮೇಲೆ ಅದಕ್ಕೆ ರೀಜನ್ ಇಲ್ಲ, ಪಾಲ್ ಎನ್‌ಟಿಎಸ್‌ಸಿ ಹಣೆಪಟ್ಟಿಯೂ ಇಲ್ಲ. ಡಿಸ್ಕ್ ನಿಮ್ಮದೇ ಆಗಿರಬೇಕು, ಸ್ವಂತಕ್ಕೆ ಕಾಪಿ ಮಾಡಿಕೊಳ್ಳಲು ನಿಮ್ಮ ದೇಶದ ಕಾನೂನು ಬಿಡಬೇಕು. ಈ ಎರಡು ಷರತ್ತಿನ ಮೇಲೆ ಮುಂದೆ ಓದಿ.

ಮೇಕ್‌ಎಂಕೆವಿ ಅನ್ನುವ ಸಾಫ್ಟ್‌ವೇರ್ ಡಿಸ್ಕ್‌ನಿಂದ ಸಿನಿಮಾವನ್ನು ಗುಣಮಟ್ಟ ಒಂದಿಷ್ಟೂ ಕಡಿಮೆಯಾಗದಂತೆ ಎಂಕೆವಿ ಫೈಲ್ ಆಗಿ ಎತ್ತಿಕೊಡುತ್ತದೆ. ಡಿಸ್ಕ್ ತೆರೆದಾಗ ಹಲವು ಟೈಟಲ್‌ಗಳು ಕಾಣುತ್ತವೆ. ಎಲ್ಲಕ್ಕಿಂತ ಉದ್ದದ್ದೇ ಸಾಮಾನ್ಯವಾಗಿ ಮುಖ್ಯ ಸಿನಿಮಾ. ಬೇಕಾದ ಭಾಷೆಯ ಆಡಿಯೊ, ಸಬ್‌ಟೈಟಲ್ ಆರಿಸಿ ಉಳಿದದ್ದಕ್ಕೆ ಟಿಕ್ ತೆಗೆಯಿರಿ.

ಆ ಫೈಲನ್ನು ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್‌ಗೆ ಕೊಟ್ಟು ಎಂಪಿ4 ಮಾಡಿ. ಇಲ್ಲಿ ನಾಲ್ಕು ವಿಷಯದಲ್ಲಿ ಎಚ್ಚರ ಬೇಕು. ವಿಡಿಯೊ ಕೋಡೆಕ್ (ಚಿತ್ರವನ್ನು ಕುಗ್ಗಿಸಿ ಇಡುವ ವಿಧಾನ) ಎಚ್.264 ಇಡಿ, ಈ ಕನ್ಸೋಲ್‌ಗಳಿಗೆಲ್ಲ ಅದು ಅರ್ಥವಾಗುತ್ತದೆ. ಗುಣಮಟ್ಟದ ಆರ್‌ಎಫ್ ಅಂಕಿ 18ರಿಂದ 20ರ ನಡುವೆ ಇರಲಿ. ಡಿವಿಡಿ ಚಿತ್ರ ಮೊದಲೇ ಚಿಕ್ಕದು, ಅದನ್ನು ಇನ್ನೂ ಹಿಂಡಬೇಡಿ. ಫ್ರೇಮ್ ರೇಟ್ ಮೂಲದಲ್ಲಿ ಇರುವ ಹಾಗೇ ಬಿಡಿ. 25 ಫ್ರೇಮ್‌ನ ಪಾಲ್ ಸಿನಿಮಾವನ್ನು 29.97ಕ್ಕೆ ಏರಿಸಿದರೆ ಓಟ ಎಳೆದೆಳೆದ ಹಾಗೆ ಕಾಣುತ್ತದೆ. ನಾಲ್ಕನೆಯದು ಇಂಟರ್‌ಲೇಸ್, ಅಂದರೆ ಒಂದೊಂದು ಫ್ರೇಮನ್ನೂ ಸಾಲು ಬಿಟ್ಟು ಸಾಲಾಗಿ ಎರಡು ಕಂತಿನಲ್ಲಿ ತೋರಿಸುವ ರೀತಿ. ಹಳೆ ಟಿವಿ ಕಾರ್ಯಕ್ರಮಗಳ ಡಿಸ್ಕ್‌ನಲ್ಲಿ ಯಾರಾದರೂ ಕೈ ಬೀಸಿದಾಗ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಡಿಕೋಂಬ್ ಫಿಲ್ಟರ್ ಹಾಕಿದರೆ ಅದು ಹೋಗುತ್ತದೆ.

ಸಬ್‌ಟೈಟಲ್ ಬೇಕೇ ಬೇಕು ಅನ್ನುವವರು ಇದನ್ನು ಗಮನಿಸಿ. ಡಿವಿಡಿಯ ಸಬ್‌ಟೈಟಲ್ ಅಕ್ಷರಗಳಲ್ಲ, ಚಿತ್ರಗಳು. ಎಂಪಿ4 ಫೈಲ್‌ನಲ್ಲಿ ಕನ್ಸೋಲ್‌ಗಳು ಅವನ್ನು ತೋರಿಸುತ್ತವೆ ಅಂತ ನಂಬಿ ಕೂರಬೇಡಿ. ಹ್ಯಾಂಡ್‌ಬ್ರೇಕ್‌ನಲ್ಲಿ 'ಬರ್ನ್ ಇನ್' ಆರಿಸಿ, ಆಗ ಅವು ಚಿತ್ರದ ಮೇಲೇ ಅಚ್ಚಾಗುತ್ತವೆ. ಇಡೀ ಸಿನಿಮಾ ಪರಿವರ್ತಿಸುವ ಮುಂಚೆ ಒಂದೇ ಅಧ್ಯಾಯ ಮಾಡಿ ಟಿವಿಯಲ್ಲಿ ನೋಡಿ. ಎರಡು ಗಂಟೆ ಉಳಿಯುತ್ತದೆ.

ಈಗ ಪೆನ್‌ಡ್ರೈವ್. ಪ್ಲೇಸ್ಟೇಷನ್ 3 ಆದರೆ ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು, ಒಂದು ಫೈಲ್ 4 ಜಿಬಿ ದಾಟಬಾರದು. ವಿಡಿಯೊ ಸಾಲಿಗೆ ಹೋಗಿ, ಯುಎಸ್‌ಬಿ ಸಾಧನದ ಮೇಲೆ ನಿಂತು ತ್ರಿಕೋನ ಒತ್ತಿ, ಎಲ್ಲವನ್ನೂ ತೋರಿಸು ಅನ್ನುವ ಆಯ್ಕೆ ತೆಗೆದುಕೊಳ್ಳಿ. ಹಾಗೆ ಮಾಡದಿದ್ದರೆ ಫೈಲ್ ಇದ್ದೂ ಕಾಣದೇ ಹೋಗಬಹುದು. ಎಂಕೆವಿಯನ್ನು ಇದು ಓಡಿಸುವುದಿಲ್ಲ. ಪ್ಲೇಸ್ಟೇಷನ್ 4ರ ಮೀಡಿಯಾ ಪ್ಲೇಯರ್ ಆ್ಯಪ್ ಎಂಕೆವಿಯನ್ನೂ ಓಡಿಸುತ್ತದೆ, ಎಕ್ಸ್‌ಫ್ಯಾಟ್ ಪೆನ್‌ಡ್ರೈವ್ ಕೂಡ ನಡೆಯುತ್ತದೆ. ಎಕ್ಸ್‌ಬಾಕ್ಸ್ ಒನ್ ಮತ್ತು ನಂತರದವಕ್ಕೆ ವಿಎಲ್‌ಸಿ, ಕೋಡಿ ಅನ್ನುವ ಎರಡೂ ಪ್ಲೇಯರ್ ಆ್ಯಪ್‌ಗಳು ಸಿಗುತ್ತವೆ. ಡಿಸ್ಕ್ ಡ್ರೈವೇ ಇಲ್ಲದ ಎಕ್ಸ್‌ಬಾಕ್ಸ್ ಸಿರೀಸ್ ಎಸ್‌ನಲ್ಲೂ ಈ ದಾರಿ ನಡೆಯುತ್ತದೆ.

ಹೆಜ್ಜೆ 6: ಪ್ಲೇಸ್ಟೇಷನ್ 2 ಮತ್ತು ಮೊದಲ ಎಕ್ಸ್‌ಬಾಕ್ಸ್

ಪ್ಲೇಸ್ಟೇಷನ್ 2ಕ್ಕೆ ಡೇಟೆಲ್ ಕಂಪನಿಯ 'ಡಿವಿಡಿ ರೀಜನ್ ಎಕ್ಸ್' ಅನ್ನುವ ಬೂಟ್ ಡಿಸ್ಕ್ ಬರುತ್ತಿತ್ತು. ಈಗ ಹಳೆ ಸಾಮಾನು ಮಾರುವವರ ಹತ್ತಿರ ಹುಡುಕಬೇಕು. ಮೊದಲು ಆ ಡಿಸ್ಕ್ ಹಾಕಿ ಕನ್ಸೋಲ್ ಶುರು ಮಾಡಬೇಕು, ಮೆನುವಿನಲ್ಲಿ ರೀಜನ್ ಆರಿಸಬೇಕು, ಕೇಳಿದಾಗ ಅದನ್ನು ತೆಗೆದು ಸಿನಿಮಾ ಡಿಸ್ಕ್ ಹಾಕಬೇಕು. ಕನ್ಸೋಲ್‌ನೊಳಗೆ ಏನೂ ಖಾಯಂ ಬದಲಾಗುವುದಿಲ್ಲ, ಆಫ್ ಮಾಡಿದರೆ ಮತ್ತೆ ಮೊದಲಿನಂತೆ. ಅದಕ್ಕೇ ನನಗೆ ಇದು ಚಿಪ್‌ಗಿಂತ ಮೇಲು ಅನ್ನಿಸುವುದು.

ಮೆಮೊರಿ ಕಾರ್ಡ್‌ನಿಂದ ಶುರುವಾಗಿ ಹೊರಗಿನ ಪ್ರೋಗ್ರಾಂಗಳನ್ನು ನಡೆಸಲು ಬಿಡುವ ಫ್ರೀ ಎಂಸಿಬೂಟ್ ಅನ್ನುವ ಸಾಫ್ಟ್‌ವೇರ್ ಇನ್ನೊಂದು ದಾರಿ. ಅದರ ಮೂಲಕ ಸಿಂಪಲ್ ಮೀಡಿಯಾ ಸಿಸ್ಟಮ್ ಅನ್ನುವ ಪ್ಲೇಯರ್ ಹಾಕಿ ಪೆನ್‌ಡ್ರೈವ್‌ನಿಂದ ಎಕ್ಸ್‌ವಿಡ್ ರೀತಿಯ ವಿಡಿಯೊ ಫೈಲ್ ನೋಡಬಹುದು. ಆದರೆ ಈ ಕನ್ಸೋಲ್‌ನ ಯುಎಸ್‌ಬಿ 1.1 ಕಾಲದ್ದು, ಸೆಕೆಂಡಿಗೆ 12 ಮೆಗಾಬಿಟ್ ಅದರ ಮೇಲ್ಮಿತಿ. ಫೈಲ್ ದಪ್ಪಗಿದ್ದರೆ ತಡವರಿಸುತ್ತದೆ. ಕೊನೆಕೊನೆಗೆ ಬಂದ, ಬಯಾಸ್ (ಕನ್ಸೋಲ್‌ನ ಒಳಗೇ ಇರುವ ಮೂಲ ಸಾಫ್ಟ್‌ವೇರ್) 2.30 ಇರುವ 90000 ಸರಣಿಯ ಸ್ಲಿಮ್‌ಗಳಲ್ಲಿ ಫ್ರೀ ಎಂಸಿಬೂಟ್ ನಡೆಯುವುದಿಲ್ಲ. ಕಾರ್ಡ್ ಕೊಳ್ಳುವ ಮುಂಚೆ ಮಾಡೆಲ್ ನಂಬರ್ ನೋಡಿ.

ಸಿನಿಮಾ ಓಡಿ ಚಿತ್ರ ಪೂರ್ತಿ ಹಸಿರಾಗಿ ಬಂದರೆ ಗಾಬರಿ ಬೇಡ. ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಬೇರೆ ಬೇರೆಯಾಗಿ ಒಯ್ಯುವ ಆರ್‌ಜಿಬಿ ಕೇಬಲ್‌ನಲ್ಲಿ ಕಾಪಿ ತಡೆಯುವ ಸಿಗ್ನಲ್ ಕೂರುವುದಿಲ್ಲ. ಅದಕ್ಕೆ ಪ್ಲೇಸ್ಟೇಷನ್ 2 ಡಿವಿಡಿ ಸಿನಿಮಾ ಶುರುವಾದ ಕೂಡಲೇ ಆರ್‌ಜಿಬಿ ಬಿಟ್ಟು ಕಾಂಪೊನೆಂಟ್ ಅನ್ನುವ ಬೇರೆ ಬಗೆಯ ಸಿಗ್ನಲ್ ಕಳಿಸುತ್ತದೆ. ಆರ್‌ಜಿಬಿಗಾಗಿ ಕಾಯುತ್ತಿರುವ ಟಿವಿ ಅದನ್ನು ಹಸಿರಾಗಿ ತೋರಿಸುತ್ತದೆ. ಕಾಂಪೊನೆಂಟ್ ಅಥವಾ ಹಳದಿ ಪಿನ್‌ನ ಮಾಮೂಲಿ ಕೇಬಲ್ ಹಾಕಿದರೆ ಸರಿಹೋಗುತ್ತದೆ.

ಮೊದಲ ಎಕ್ಸ್‌ಬಾಕ್ಸ್ ಮಾಡ್ ಆಗಿದ್ದರೆ, ಅಂದರೆ ಹೊರಗಿನ ಸಾಫ್ಟ್‌ವೇರ್ ನಡೆಸುವಂತೆ ಬದಲಾಯಿಸಿದ್ದರೆ, ಎಕ್ಸ್‌ಬಿಎಂಸಿ ಅನ್ನುವ ಮೀಡಿಯಾ ಪ್ಲೇಯರ್ ಹಾಕಿ. ಇವತ್ತಿನ ಕೋಡಿ ಹುಟ್ಟಿದ್ದು ಇದೇ ಯಂತ್ರದಲ್ಲಿ, 2014ರಲ್ಲಿ ಅದಕ್ಕೆ ಕೋಡಿ ಅಂತ ಹೆಸರು ಬಂತು. ಅದು ತನ್ನದೇ ಪ್ಲೇಯರ್ ಬಳಸುವುದರಿಂದ ರೀಜನ್ ಕೇಳುವುದಿಲ್ಲ, ರಿಮೋಟ್ ಕಿಟ್ ಕೂಡ ಬೇಕಾಗುವುದಿಲ್ಲ.

ಚಿಪ್ ಹಾಕಿಸಲೇಬೇಕು ಅನ್ನುವವರು ಮೂರು ಪ್ರಶ್ನೆ ಕೇಳಿ. ಈ ಚಿಪ್ ಸಿನಿಮಾ ರೀಜನ್ ಬಿಡಿಸುತ್ತಾ, ಇಲ್ಲ ಗೇಮ್‌ಗೆ ಮಾತ್ರನಾ? ನನ್ನ ಮಾಡೆಲ್ ನಂಬರ್‌ಗೆ ಹೊಂದುತ್ತಾ? ತೆಗೆಸಿದರೆ ಕನ್ಸೋಲ್ ಮೊದಲಿನಂತೆ ಆಗುತ್ತಾ? ಹೊಸ ಕನ್ಸೋಲ್‌ಗಳಲ್ಲಿ ಸಾಫ್ಟ್‌ವೇರ್ ಬದಲಾಯಿಸಿದರೆ ಆನ್‌ಲೈನ್ ಸೇವೆಯಿಂದ ಶಾಶ್ವತವಾಗಿ ಹೊರಹಾಕುತ್ತಾರೆ. ಒಂದು ಡಿವಿಡಿಗಾಗಿ ಅಷ್ಟು ಬೆಲೆ ತೆರುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎಲ್ಲ ಸರಿಯಿದ್ದರೂ ಕೆಲವು ರೀಜನ್ 1 ಡಿಸ್ಕ್ ಹಟ ಮಾಡಿದರೆ

ಬೂಟ್ ಡಿಸ್ಕ್ ಅಥವಾ ಮಲ್ಟಿ ರೀಜನ್ ಪ್ಲೇಯರ್‌ನಲ್ಲಿ ಹತ್ತು ಡಿಸ್ಕ್ ಓಡಿ, ಹನ್ನೊಂದನೆಯದು ಜಗತ್ತಿನ ನಕ್ಷೆಯೊಂದನ್ನು ತೋರಿಸಿ ನಿಂತುಬಿಡಬಹುದು. ಇದು ಆರ್‌ಸಿಇ. 2000ದ ಹೊತ್ತಿಗೆ ರೀಜನ್ 1ರ ಕೆಲವು ಡಿಸ್ಕ್‌ಗಳಿಗೆ ಸೇರಿಸಿದ ಹೆಚ್ಚುವರಿ ಕಾವಲು. ಮಾಮೂಲಿ ಡಿಸ್ಕ್‌ನಲ್ಲಿ ಪ್ಲೇಯರ್ ಡಿಸ್ಕ್ ಅನ್ನು ಪರೀಕ್ಷಿಸುತ್ತದೆ. ಇದರಲ್ಲಿ ಡಿಸ್ಕ್ ಒಳಗಿನ ಪುಟ್ಟ ಪ್ರೋಗ್ರಾಂ ತಿರುಗಿ ಪ್ಲೇಯರ್ ಅನ್ನೇ 'ನಿನ್ನ ಅಂಕಿ ಯಾವುದು?' ಅಂತ ಕೇಳುತ್ತದೆ. 'ನಾನು ಎಲ್ಲ ರೀಜನ್' ಅನ್ನುವ ಪ್ಲೇಯರ್ ಇಲ್ಲಿ ಸಿಕ್ಕಿಬೀಳುತ್ತದೆ.

ಪರಿಹಾರ ಸರಳ. 'ಆಲ್' ಅಥವಾ 0 ಬಿಟ್ಟು, ಸರಿಯಾಗಿ 1 ಅಂತಲೇ ಆರಿಸಿ ಡಿಸ್ಕ್ ಹಾಕಿ. ನಾನು ಈಗ ಎಲ್ಲ ಡಿಸ್ಕ್‌ಗೂ ಅದರದೇ ಅಂಕಿ ಕೊಡುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಚಿತ್ರ ಬಂದ ಮೇಲೆ

ರೀಜನ್ ದಾಟಿದಿರಿ, ಇನ್ನು ಎರಡನೆಯ ಬೀಗ ಉಳಿದಿದೆ. ಯುರೋಪ್, ಆಸ್ಟ್ರೇಲಿಯಾಗಳಿಗೆ ಮಾಡಿದ ಕನ್ಸೋಲ್‌ಗಳು ಸಾಮಾನ್ಯವಾಗಿ ಪಾಲ್, ಎನ್‌ಟಿಎಸ್‌ಸಿ ಎರಡನ್ನೂ ಓಡಿಸುತ್ತವೆ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಪ್ಲೇಸ್ಟೇಷನ್ 3 ಪಾಲ್ ಡಿವಿಡಿಯನ್ನು ಒಪ್ಪುವುದಿಲ್ಲ, ಡಿಸ್ಕ್ ಎಲ್ಲ ರೀಜನ್‌ಗೂ ಮುಕ್ತವಾಗಿದ್ದರೂ ಅಷ್ಟೇ. ಅಲ್ಲಿ ಉಳಿಯುವುದು ಫೈಲ್ ದಾರಿ. ಹಳೆ ಡಬ್ಬ ಟಿವಿಗಳಲ್ಲಿ ಚಿತ್ರ ಉರುಳಿದರೆ ಟಿವಿಗೆ ಆ ಪದ್ಧತಿ ಗೊತ್ತಿಲ್ಲ ಅಂತ ಅರ್ಥ. ಈಗಿನ ಎಚ್‌ಡಿ ಟಿವಿಗಳಲ್ಲಿ ಈ ತೊಂದರೆ ಕಡಿಮೆ.

ಪ್ಲೇಸ್ಟೇಷನ್ 3ರಲ್ಲಿ ನೋಡುವವರು ಬಿಡಿ/ಡಿವಿಡಿ ಸೆಟ್ಟಿಂಗ್‌ನಲ್ಲಿ ಚಿಕ್ಕ ಚಿತ್ರವನ್ನು ಎಚ್‌ಡಿ ಟಿವಿಗೆ ತಕ್ಕಂತೆ ಹಿಗ್ಗಿಸುವ ಅಪ್‌ಸ್ಕೇಲರ್ ಚಾಲೂ ಮಾಡಿಕೊಳ್ಳಿ. 2007ರ ಮೇ ತಿಂಗಳ 1.80 ಅಪ್‌ಡೇಟ್‌ನಲ್ಲಿ ಬಂದ ಸೌಲಭ್ಯ ಇದು. ದೊಡ್ಡ ಟಿವಿಯಲ್ಲಿ ಡಿವಿಡಿಯನ್ನು ಇಷ್ಟು ಚೆನ್ನಾಗಿ ತೋರಿಸುವ ಹಳೆ ಯಂತ್ರ ನಾನು ಬೇರೆ ನೋಡಿಲ್ಲ.

ಪಾಲ್ ಡಿಸ್ಕ್‌ನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಸಿನಿಮಾದ ದನಿಗಳು ಸ್ವಲ್ಪ ತೆಳ್ಳಗೆ ಕೇಳಿಸಬಹುದು, ಹಾಡು ಒಂದಿಷ್ಟು ಬೇಗ ಓಡಿದ ಹಾಗೆ ಅನ್ನಿಸಬಹುದು. ಕನ್ಸೋಲ್ ಕೆಟ್ಟಿಲ್ಲ. ಸಿನಿಮಾ ತೆಗೆದದ್ದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ, ಪಾಲ್ ಡಿಸ್ಕ್ ಅದನ್ನು 25ರಲ್ಲಿ ಓಡಿಸುತ್ತದೆ. ವೇಗ ಸುಮಾರು 4 ಶೇಕಡಾ ಜಾಸ್ತಿ. ಎರಡು ಗಂಟೆಯ ಸಿನಿಮಾ ಐದು ನಿಮಿಷ ಮುಂಚೆ ಮುಗಿಯುತ್ತದೆ, ಒಂದು ದೃಶ್ಯವೂ ಕತ್ತರಿಸಿರುವುದಿಲ್ಲ.